ಠಾಣೆಯ ಎಫ್‌ಐಆರ್ ದೇಶದ ಅಪರಾಧ ಲೆಕ್ಕಕ್ಕೆ ಸೇರುವ ದಾರಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2025ರ ಸೆಪ್ಟೆಂಬರ್ ಕೊನೆಗೆ 2023ನೇ ಸಾಲಿನ ವರದಿಯನ್ನು ಹೊರತಂದಾಗ ಒಂದು ಪಟ್ಟಿಯ ತುದಿಯಲ್ಲಿ ಕರ್ನಾಟಕದ ಹೆಸರಿತ್ತು. ಆ ವರ್ಷ ದೇಶದಲ್ಲಿ ದಾಖಲಾದ 86,420 ಸೈಬರ್ ಪ್ರಕರಣಗಳಲ್ಲಿ 21,889 ನಮ್ಮ ರಾಜ್ಯದವು. ಹೆಚ್ಚುಕಡಿಮೆ ನಾಲ್ಕರಲ್ಲೊಂದು. ಅದೇ 2025ರ ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಒಂದರ ಹಿಂದೊಂದು ಕೊಲೆಗಳಾಗಿದ್ದವು. ಕರಾವಳಿಯಲ್ಲಿ ಬದುಕುವುದು ಎಷ್ಟು ಸುರಕ್ಷಿತ ಎಂಬ ಮಾತು ಮನೆಮನೆಯಲ್ಲೂ ಎದ್ದಿತ್ತು. ಹಾಗಾಗಿ ವರದಿಯ ಅಂಕಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸೆಪ್ಟೆಂಬರಿನಲ್ಲಿ ಬಂದ ಆ ಪುಸ್ತಕದಲ್ಲಿ ಏಪ್ರಿಲಿನ ಒಂದು ಘಟನೆಯೂ ಇರಲಿಲ್ಲ. ಅದರಲ್ಲಿದ್ದದ್ದು 2023ರ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ವರದಿಗೂ ಅದು ಹೇಳುವ ವರ್ಷಕ್ಕೂ ನಡುವೆ ಇಷ್ಟು ಅಂತರ ಏಕೆ, ಆ ಲೆಕ್ಕ ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟಿ ದೆಹಲಿ ಸೇರುತ್ತದೆ, ದಾರಿಯಲ್ಲಿ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ಬುಡದಿಂದಲೇ ನೋಡೋಣ.

ಬ್ಯೂರೋ ಮಾಡುವ ಕೆಲಸ

ನಮ್ಮ ಸಂವಿಧಾನದ ಪ್ರಕಾರ ಪೊಲೀಸ್ ವ್ಯವಸ್ಥೆ ರಾಜ್ಯಗಳಿಗೆ ಸೇರಿದ ವಿಷಯ. ಉಡುಪಿಯ ಒಂದು ಕಳವನ್ನು ತನಿಖೆ ಮಾಡುವುದು, ಅದಕ್ಕೆ ಕಲಂ ಹಚ್ಚುವುದು, ಆರೋಪಪಟ್ಟಿ ಹಾಕುವುದು ಎಲ್ಲವೂ ಕರ್ನಾಟಕ ಪೊಲೀಸರ ಕೆಲಸ. 1986ರಲ್ಲಿ ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ಹುಟ್ಟಿದ ಬ್ಯೂರೋ ಎಲ್ಲ ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು ಕೊಟ್ಟ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಜೋಡಿಸಿ ಪ್ರಕಟಿಸುತ್ತದೆ. ‘ಕ್ರೈಂ ಇನ್ ಇಂಡಿಯಾ’ ಎಂಬ ಈ ವಾರ್ಷಿಕ ವರದಿ ಬ್ಯೂರೋಗಿಂತಲೂ ಹಳೆಯದು. ಮೊದಲ ಸಂಚಿಕೆ 1953ರದು. ಆತ್ಮಹತ್ಯೆ ಮತ್ತು ಆಕಸ್ಮಿಕ ಸಾವುಗಳಿಗೆ ಬೇರೆ ವರದಿಯಿದೆ, ಜೈಲುಗಳಿಗೆ ಇನ್ನೊಂದು.

ಬ್ಯೂರೋದ ಸಿಬ್ಬಂದಿ ಮಂಗಳೂರಿಗೆ ಬಂದು ಎಷ್ಟು ಕಳವಾಯಿತು ಎಂದು ಎಣಿಸುವುದಿಲ್ಲ. ಎಣಿಕೆಯ ಮೂಲ ಠಾಣೆಯೇ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಠಾಣೆಯ ಮೇಜಿನ ಮೇಲೆ ಏನಾಗುತ್ತದೆ

ಠಾಣೆಗೆ ಬಂದ ದೂರು ಮೂರು ದಾರಿಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು.

ಮೊದಲನೆಯದು ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ. ಕೊಲೆ, ದರೋಡೆ, ಕಳವು, ಅತ್ಯಾಚಾರ, ವಂಚನೆಯಂಥ ಸಂಜ್ಞೇಯ ಅಪರಾಧಗಳು ಇಲ್ಲಿಗೆ ಬರುತ್ತವೆ. ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಶುರುಮಾಡಬಹುದಾದ ಅಪರಾಧಗಳಿಗೆ ಸಂಜ್ಞೇಯ ಎನ್ನುತ್ತಾರೆ. ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ದಾಖಲಾದ ಕೂಡಲೇ ಪ್ರಕರಣಕ್ಕೆ ಅಪರಾಧ ಕ್ರಮಾಂಕ ಬೀಳುತ್ತದೆ. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ವರ್ಷದ ಜೊತೆ ಓರೆಗೆರೆ ಹಾಕಿ ಬರೆದಿರುವುದು ಇದೇ ಕ್ರಮಾಂಕ. ದೆಹಲಿಯ ವರದಿಯಲ್ಲಿರುವ ಒಂದೊಂದು ಪ್ರಕರಣಕ್ಕೂ ಯಾವುದೋ ಠಾಣೆಯಲ್ಲಿ ಹೀಗೊಂದು ಕ್ರಮಾಂಕ ಇದ್ದೇ ಇರುತ್ತದೆ.

ಎರಡನೆಯದು ಅಸಂಜ್ಞೇಯ. ಪೊಲೀಸರ ಬಾಯಲ್ಲಿ ಎನ್‌ಸಿ. ಬೇಲಿಯ ತಕರಾರಿನಲ್ಲಿ ನೆರೆಮನೆಯವರು ಬೈದುಕೊಂಡರು, ಒಬ್ಬ ಇನ್ನೊಬ್ಬನ ಕೆನ್ನೆಗೆ ಬಾರಿಸಿದ, ಗಂಭೀರ ಗಾಯವೇನೂ ಆಗಲಿಲ್ಲ ಎಂದಿಟ್ಟುಕೊಳ್ಳಿ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಇದರ ತನಿಖೆ ಮಾಡುವಂತಿಲ್ಲ. ಪುಸ್ತಕದಲ್ಲಿ ಬರೆದುಕೊಂಡು ದೂರುದಾರರಿಗೆ ಹಿಂಬರಹ ಕೊಡುತ್ತಾರೆ. ದೇಶದ ಒಟ್ಟು ಅಪರಾಧ ಎಂದು ಸುದ್ದಿಯಲ್ಲಿ ಬರುವ ಸಂಖ್ಯೆ ಸಂಜ್ಞೇಯ ಅಪರಾಧಗಳದ್ದು. ಈ ಕಪಾಳಮೋಕ್ಷ ಅದರಲ್ಲಿಲ್ಲ.

ಮೂರನೆಯದು ಯುಡಿಆರ್, ಅಸಹಜ ಸಾವಿನ ವರದಿ. ನೇಣು, ಬಾವಿಗೆ ಬಿದ್ದದ್ದು, ಹಾವು ಕಚ್ಚಿದ್ದು, ಸಮುದ್ರದಲ್ಲಿ ಮುಳುಗಿದ್ದು, ಗುರುತು ಸಿಗದ ಶವ ಪತ್ತೆಯಾದದ್ದು ಇವೆಲ್ಲ ಮೊದಲು ಸೇರುವುದು ಇಲ್ಲಿಗೆ. ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿದೆ ಎಂಬ ಆರೋಪಗಳ ತನಿಖೆಗೆ 2025ರ ಜುಲೈಯಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚನೆಯಾದಾಗಿನಿಂದ ಈ ಯುಡಿಆರ್ ಎಂಬ ಪದ ನಮ್ಮ ಜಿಲ್ಲೆಗಳಲ್ಲಿ ಎಲ್ಲರಿಗೂ ಪರಿಚಿತ. ಯುಡಿಆರ್ ಎಂದರೆ ಅಪರಾಧ ನಡೆದಿದೆ ಎಂದೂ ಅರ್ಥವಲ್ಲ, ನಡೆದಿಲ್ಲ ಎಂದೂ ಅರ್ಥವಲ್ಲ. ಸಾವಿನ ಕಾರಣವನ್ನು ವಿಚಾರಿಸಬೇಕಾಗಿದೆ ಎಂದಷ್ಟೇ. ವಿಚಾರಣೆಯಲ್ಲಿ ಬೇರೆಯವರ ಕೈವಾಡ ಕಂಡರೆ ಅದು ಎಫ್‌ಐಆರ್ ಆಗುತ್ತದೆ, ಅಪರಾಧದ ಲೆಕ್ಕಕ್ಕೆ ಬರುತ್ತದೆ. ಕಾಣದಿದ್ದರೆ ಆತ್ಮಹತ್ಯೆ ಅಥವಾ ಆಕಸ್ಮಿಕ ಸಾವಿನ ವರದಿಗೆ ಹೋಗುತ್ತದೆ.

ಈ ಮೂರನೆಯ ದಾರಿಯಿಂದ ಮೊದಲನೆಯದಕ್ಕೆ ದಾಟುವುದು ಎಷ್ಟು ಮುಖ್ಯ ಎಂಬುದಕ್ಕೆ ಮಂಗಳೂರಿನ ಹೊರವಲಯದ ಕುಡುಪು ಘಟನೆಯನ್ನೇ ನೋಡಬಹುದು. 2025ರ ಏಪ್ರಿಲ್ 27ರಂದು ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಜಾಗದ ಬಳಿ ಒಬ್ಬ ವ್ಯಕ್ತಿಯ ಶವ ಸಿಕ್ಕಿತು. ಮೊದಲು ದಾಖಲಾದದ್ದು ಅಸಹಜ ಸಾವು ಎಂದು. ಮರಣೋತ್ತರ ಪರೀಕ್ಷೆ ಹಲ್ಲೆಯ ಗಾಯಗಳನ್ನು ತೋರಿಸಿದ ಮೇಲೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 103(2)ರ ಅಡಿಯ ಪ್ರಕರಣವಾಯಿತು. ಐವರು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟೂರು ಮುಂತಾದ ಕಾರಣಕ್ಕೆ ಮಾಡುವ ಕೊಲೆಯ ಕಲಂ ಅದು. ಮೊದಲ ದಾಖಲೆಯೇ ಕೊನೆಯದಾಗಿದ್ದರೆ ದೇಶದ ಕೊಲೆಗಳ ಸಂಖ್ಯೆಯಲ್ಲಿ ಒಂದು ಕಡಿಮೆ ಇರುತ್ತಿತ್ತು, ಆಕಸ್ಮಿಕ ಸಾವಿನ ಪಟ್ಟಿಯಲ್ಲಿ ಒಂದು ಹೆಚ್ಚು. ಗುಂಪು ಹತ್ಯೆಗೆ ಈ ಪ್ರತ್ಯೇಕ ಕಲಂ ಬಂದದ್ದೇ 2024ರ ಜುಲೈ 1ರಂದು. ಅದಕ್ಕೂ ಮೊದಲು ಇಂಥ ಸಾವುಗಳು ಕೊಲೆ ಎಂಬ ಒಟ್ಟು ಸಂಖ್ಯೆಯೊಳಗೆ ಬೆರೆತಿರುತ್ತಿದ್ದವು. ಬ್ಯೂರೋ 2017ರ ವರದಿಗಾಗಿ ಈ ಮಾಹಿತಿಯನ್ನು ಕೇಳಿ ತರಿಸಿಕೊಂಡಿತ್ತು. ಈ ಅಪರಾಧಕ್ಕೆ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲದ್ದರಿಂದ ಬಂದ ಮಾಹಿತಿ ನಂಬುವಂತಿಲ್ಲ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು, ಅದು ಪ್ರಕಟವಾಗಲಿಲ್ಲ. ಕಾನೂನಿನಲ್ಲಿ ಹೆಸರಿಲ್ಲದ ಅಪರಾಧವನ್ನು ಈ ವ್ಯವಸ್ಥೆ ಬೇರೆಯಾಗಿ ಎಣಿಸಲಾರದು.

ಒಂದು ಎಫ್‌ಐಆರ್, ಒಂದೇ ಲೆಕ್ಕ

ಒಂದು ಮನೆಗೆ ರಾತ್ರಿ ಕಳ್ಳರು ನುಗ್ಗಿ, ಎಚ್ಚರಗೊಂಡ ಯಜಮಾನನನ್ನು ಕೊಂದು ಚಿನ್ನ ಒಯ್ದರು ಎಂದುಕೊಳ್ಳಿ. ಎಫ್‌ಐಆರ್‌ನಲ್ಲಿ ಮನೆಗೆ ನುಗ್ಗಿದ್ದಕ್ಕೆ, ಸುಲಿಗೆಗೆ, ಕೊಲೆಗೆ ಬೇರೆಬೇರೆ ಕಲಂಗಳಿರುತ್ತವೆ. ರಾಷ್ಟ್ರೀಯ ಲೆಕ್ಕದಲ್ಲಿ ಇದು ಒಂದೇ ಪ್ರಕರಣ, ಕೊಲೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆ ಇರುವ ಒಂದನ್ನೇ ಎಣಿಸಬೇಕು ಎಂಬುದು ಬ್ಯೂರೋದ ಪ್ರಧಾನ ಅಪರಾಧ ನಿಯಮ. ಒಂದೇ ಘಟನೆ ನಾಲ್ಕು ಕಡೆ ಎಣಿಕೆಯಾಗಿ ಒಟ್ಟು ಮೊತ್ತ ಉಬ್ಬದಿರಲಿ ಎಂಬುದು ಇದರ ಉದ್ದೇಶ. ಇದಕ್ಕೆ ತೆರುವ ಬೆಲೆಯೂ ಇದೆ: ಅತ್ಯಾಚಾರ ಮಾಡಿ ಕೊಂದ ಪ್ರಕರಣ ಕೊಲೆಯ ತಲೆಬರಹಕ್ಕೆ ಹೋಗುತ್ತದೆ. ಅತ್ಯಾಚಾರದ ಸಾಲಿನ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಅದು ಕಾಣುವುದಿಲ್ಲ.

ಪ್ರಕರಣ ಮತ್ತು ಸಂತ್ರಸ್ತರು ಬೇರೆಬೇರೆ ಎಂಬುದನ್ನೂ ಗಮನಿಸಬೇಕು. ಒಂದು ಮನೆಯ ಮೂವರನ್ನು ಕೊಂದರೆ ಪ್ರಕರಣ ಒಂದು, ಸಂತ್ರಸ್ತರು ಮೂವರು. ಅದಕ್ಕೇ ವರದಿಯ ಕೋಷ್ಟಕಗಳಲ್ಲಿ ಇಂಗ್ಲಿಷಿನ ಐ, ವಿ, ಆರ್ ಎಂಬ ಮೂರು ಅಂಕಣಗಳಿರುತ್ತವೆ. ಐ ಅಂದರೆ ಪ್ರಕರಣಗಳು, ವಿ ಅಂದರೆ ಸಂತ್ರಸ್ತರು, ಆರ್ ಅಂದರೆ ಲಕ್ಷ ಜನಕ್ಕೆ ಎಷ್ಟು ಎಂಬ ದರ. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಈ ಮೂರೂ ಕಲಸಿಹೋಗಿರುವುದು ಸಾಮಾನ್ಯ.

ವರ್ಷವನ್ನು ನಿರ್ಧರಿಸುವುದು ಎಫ್‌ಐಆರ್ ದಾಖಲಾದ ದಿನಾಂಕ. ಹತ್ತು ವರ್ಷ ಹಿಂದಿನ ಕೃತ್ಯದ ಬಗ್ಗೆ ಈ ವರ್ಷ ಪಿರ್ಯಾದಿ ಕೊಟ್ಟರೆ ಅದು ಈ ವರ್ಷದ ಲೆಕ್ಕ. ತನಿಖೆಯ ಕೊನೆಗೆ ಸುಳ್ಳು ದೂರು ಎಂದು ಬಿ ರಿಪೋರ್ಟ್ ಹಾಕಿದರೂ ದಾಖಲಾದ ಪ್ರಕರಣಗಳ ಸಂಖ್ಯೆಯಲ್ಲಿ ಅದು ಉಳಿದೇ ಇರುತ್ತದೆ. ಸುಳ್ಳೆಂದು ಮುಗಿಸಿದ ಪ್ರಕರಣಗಳೆಷ್ಟು ಎಂಬುದಕ್ಕೆ ಬೇರೆ ಕೋಷ್ಟಕವಿದೆ.

ಮಂಗಳೂರಿನ ಲೆಕ್ಕ ಬೇರೆ, ದಕ್ಷಿಣ ಕನ್ನಡದ್ದು ಬೇರೆ

ಇದು ನಮ್ಮೂರಿನ ಓದುಗರು ಹೆಚ್ಚು ಎಡವುವ ಜಾಗ. 2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂತು. ಅಂದಿನಿಂದ ಒಂದೇ ಕಂದಾಯ ಜಿಲ್ಲೆಯೊಳಗೆ ಎರಡು ಪೊಲೀಸ್ ಘಟಕಗಳಿವೆ. ಕದ್ರಿ, ಉರ್ವ, ಸುರತ್ಕಲ್, ಉಳ್ಳಾಲ, ಬಜಪೆ ಮಾತ್ರವಲ್ಲ, ಮೂಲ್ಕಿ, ಮೂಡುಬಿದಿರೆಗಳೂ ಕಮಿಷನರ ವ್ಯಾಪ್ತಿ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಜಿಲ್ಲಾ ಎಸ್‌ಪಿ ವ್ಯಾಪ್ತಿ. ಬ್ಯೂರೋದ ಜಿಲ್ಲಾವಾರು ಪಟ್ಟಿಯಲ್ಲಿ ‘ಮಂಗಳೂರು ನಗರ’ ಎಂದು ಒಂದು ಸಾಲು, ‘ದಕ್ಷಿಣ ಕನ್ನಡ’ ಎಂದು ಇನ್ನೊಂದು ಸಾಲು ಇರುವುದು ಇದೇ ಕಾರಣಕ್ಕೆ. ಎರಡನ್ನೂ ಕೂಡಿಸದೆ ಜಿಲ್ಲೆಯ ಅಪರಾಧ ಇಷ್ಟೇ ಎಂದು ಹೇಳಿದರೆ ಅರ್ಧ ಜಿಲ್ಲೆ ಬಿಟ್ಟಂತೆ. 2011ರ ಜನಗಣತಿಯ 20,89,649 ಎಂಬ ಜಿಲ್ಲೆಯ ಜನಸಂಖ್ಯೆಯನ್ನು ಎಸ್‌ಪಿ ವ್ಯಾಪ್ತಿಯ ಪ್ರಕರಣಗಳಿಗೆ ಮಾತ್ರ ಹಂಚಿ ದರ ತೆಗೆದರೂ ಅದೇ ತಪ್ಪು. ಉಡುಪಿಗೆ ಈ ತೊಡಕಿಲ್ಲ. ಬೈಂದೂರಿನಿಂದ ಪಡುಬಿದ್ರಿವರೆಗೆ ಒಂದೇ ಎಸ್‌ಪಿ, ಒಂದೇ ಸಾಲು.

ರೈಲಿನ ಕಥೆ ಮತ್ತೊಂದು. ಕೊಂಕಣ ರೈಲಿನಲ್ಲಿ ನಿದ್ದೆಹೋದವರ ಬ್ಯಾಗು ಕಳವಾದರೆ ಅದು ರೈಲ್ವೆ ಪೊಲೀಸರ ಪ್ರಕರಣ. ರೈಲ್ವೆ ಪೊಲೀಸರಿಗೆ ಪಟ್ಟಿಯಲ್ಲಿ ತಮ್ಮದೇ ಸಾಲು ಇದೆ. ಕಳವಾದದ್ದು ಗೋವಾದಲ್ಲಿ, ಗೊತ್ತಾದದ್ದು ಉಡುಪಿಯಲ್ಲಿ ಎಂದಾದರೆ ಉಡುಪಿಯಲ್ಲೇ ದೂರು ಕೊಡಬಹುದು. ಅದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಘಟನೆ ನಡೆದ ಪ್ರದೇಶದ ಠಾಣೆಗೆ ಅದನ್ನು ಕಳುಹಿಸಲಾಗುತ್ತದೆ, ಅಲ್ಲೇ ಅದಕ್ಕೆ ಕ್ರಮಾಂಕ ಬೀಳುತ್ತದೆ.

ಸೈಬರ್ ವಂಚನೆಯಲ್ಲಿ ಇದು ತಿರುವುಮುರುವು. ವಂಚಕ ದೂರದ ಯಾವುದೋ ರಾಜ್ಯದಲ್ಲೋ ಹೊರದೇಶದಲ್ಲೋ ಕೂತಿರುತ್ತಾನೆ. ಹಣ ಕಳೆದುಕೊಂಡವರು ಮಂಗಳೂರಿನಲ್ಲಿರುತ್ತಾರೆ, ದೂರು ಇಲ್ಲಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ದಾಖಲಾಗುತ್ತದೆ. ಹಾಗಾಗಿ ಆ 21,889ರ ಸಂಖ್ಯೆ ತೋರಿಸುವುದು ಕರ್ನಾಟಕದಲ್ಲಿ ಎಷ್ಟು ಪ್ರಕರಣ ದಾಖಲಾಯಿತು ಎಂದು. ಎಷ್ಟು ವಂಚಕರು ಕರ್ನಾಟಕದಲ್ಲಿದ್ದಾರೆ ಎಂಬುದನ್ನು ಅದರಿಂದ ತಿಳಿಯಲಾಗದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಕೊಟ್ಟ ದೂರುಗಳೆಲ್ಲವೂ ಎಫ್‌ಐಆರ್ ಆಗಿರುವುದಿಲ್ಲ ಎಂಬುದೂ ನೆನಪಿರಲಿ. ದೂರಿನ ಸಂಖ್ಯೆ ಒಂದು, ಪ್ರಕರಣದ ಸಂಖ್ಯೆ ಇನ್ನೊಂದು.

ಅಲ್ಲಿಂದ ದೆಹಲಿಗೆ

ಠಾಣೆಯಲ್ಲಿ ಎಫ್‌ಐಆರ್ ಈಗ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ. ಕರ್ನಾಟಕದಲ್ಲಿ ಪೊಲೀಸ್ ಐಟಿ ಎಂಬ ತಂತ್ರಾಂಶವಿದೆ. ಅದು ದೇಶದ ಠಾಣೆಗಳನ್ನೆಲ್ಲ ಜೋಡಿಸಲು 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಎಂಬ ಜಾಲದೊಂದಿಗೆ ಕೂಡಿಕೊಂಡಿದೆ. ಠಾಣೆಯ ಲೆಕ್ಕ ಜಿಲ್ಲಾ ಅಪರಾಧ ದಾಖಲೆಗಳ ಘಟಕಕ್ಕೆ ಹೋಗುತ್ತದೆ. ಕಮಿಷನರೇಟ್‌ಗೆ ಅಂಥದ್ದೇ ನಗರ ಘಟಕವಿದೆ. ಅಲ್ಲಿ ತಾಳೆ ನೋಡಿ ಬೆಂಗಳೂರಿನಲ್ಲಿರುವ ರಾಜ್ಯ ಅಪರಾಧ ದಾಖಲೆಗಳ ಬ್ಯೂರೋಗೆ, ಅಲ್ಲಿಂದ ದೆಹಲಿಗೆ. ಒಂದು ಕೋಷ್ಟಕದ ಮೊತ್ತಕ್ಕೂ ಇನ್ನೊಂದರ ಮೊತ್ತಕ್ಕೂ ಹೊಂದದಿದ್ದರೆ ಪ್ರಶ್ನೆ ಅದೇ ದಾರಿಯಲ್ಲಿ ಕೆಳಗಿಳಿದು ಬರುತ್ತದೆ, ಉತ್ತರ ಮತ್ತೆ ಮೇಲೇರಬೇಕು.

ತಡವಾಗಲು ಇದು ದೊಡ್ಡ ಕಾರಣ. 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂದು ಹಿಂದೆ ಬಿದ್ದರೂ ಪುಸ್ತಕ ನಿಲ್ಲುತ್ತದೆ. 2017ರ ವರದಿ ಹೊರಬಂದದ್ದು 2019ರ ಅಕ್ಟೋಬರಿನಲ್ಲಿ. ಕಾಯದೆ ಮುಂದೆ ಹೋದ ಉದಾಹರಣೆಯೂ ಇದೆ: 2019ರ ವರದಿಗೆ ಪಶ್ಚಿಮ ಬಂಗಾಳದ ಲೆಕ್ಕ ಸಮಯಕ್ಕೆ ಸಿಗಲಿಲ್ಲ, 2018ರ ಅಂಕಿಗಳನ್ನೇ ಮತ್ತೆ ಬಳಸಿಕೊಂಡು ಅಡಿಟಿಪ್ಪಣಿಯಲ್ಲಿ ಹಾಗೆಂದು ಬರೆದರು. ಅಡಿಟಿಪ್ಪಣಿ ಓದದೆ ಆ ಎರಡು ವರ್ಷ ಹೋಲಿಸಿದವರಿಗೆ ಬಂಗಾಳದಲ್ಲಿ ಏನೂ ಬದಲಾಗಿಲ್ಲ ಎಂದೇ ಅನಿಸಿರಬೇಕು.

ಸಂಖ್ಯೆ ಏರಿದರೆ ಅಪರಾಧ ಏರಿತೇ?

ನಮ್ಮ ಸರ್ವಿಸ್ ಬಸ್ಸಿನ ಕಂಡಕ್ಟರ್ ದಿನದ ಕೊನೆಗೆ ಮಾಲಕರಿಗೆ ಒಪ್ಪಿಸುವುದು ಹರಿದ ಟಿಕೆಟಿನ ಲೆಕ್ಕ. ಟಿಕೆಟ್ ಪಡೆಯದೆ ಇಳಿದವರು ಅದರಲ್ಲಿಲ್ಲ. ನಾಳೆಯಿಂದ ಪ್ರತಿಯೊಬ್ಬರಿಗೂ ಕಡ್ಡಾಯವಾಗಿ ಟಿಕೆಟ್ ಹರಿದರೆ ಪ್ರಯಾಣಿಕರು ಒಬ್ಬರೂ ಹೆಚ್ಚದೆ ಲೆಕ್ಕ ಹೆಚ್ಚುತ್ತದೆ. ಎಫ್‌ಐಆರ್ ಲೆಕ್ಕದ ಸ್ವಭಾವವೂ ಇದೇ. ಬ್ಯೂರೋ ಕೂಡ ತನ್ನ ವರದಿಯಲ್ಲಿ ಇದನ್ನು ಎಚ್ಚರಿಸುತ್ತದೆ: ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ಕೊರೊನಾ ವರ್ಷ. 2019ರಲ್ಲಿ 51,56,172 ಇದ್ದ ಒಟ್ಟು ಪ್ರಕರಣಗಳು 2020ರಲ್ಲಿ 66,01,285ಕ್ಕೆ ಏರಿದವು, ಶೇ. 28ರ ಹೆಚ್ಚಳ. ದೇಶವೇ ಮನೆಯೊಳಗಿದ್ದ ವರ್ಷದಲ್ಲಿ! ಒಳಹೊಕ್ಕು ನೋಡಿದರೆ ಸರ್ಕಾರಿ ಆದೇಶ ಉಲ್ಲಂಘಿಸಿದ್ದಕ್ಕೆ ಹಾಕುವ, ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 188ರ ಪ್ರಕರಣಗಳು 29,469ರಿಂದ 6,12,179ಕ್ಕೆ ನೆಗೆದಿದ್ದವು. ಲಾಕ್‌ಡೌನ್ ಮುರಿದದ್ದಕ್ಕೆ ಹಾಕಿದ ಕೇಸುಗಳು ಒಟ್ಟು ಮೊತ್ತವನ್ನು ಎತ್ತಿಬಿಟ್ಟಿದ್ದವು. ಅದೇ ವರ್ಷ ಮಹಿಳೆಯರ ಮೇಲಿನ ಅಪರಾಧಗಳು 4,05,326ರಿಂದ 3,71,503ಕ್ಕೆ ಇಳಿದವು. ಈ ಇಳಿಕೆಯನ್ನು ನೆಮ್ಮದಿಯ ಸುದ್ದಿ ಎಂದು ಓದಲು ನನಗೆ ಮನಸ್ಸು ಬರುವುದಿಲ್ಲ. ಹೊಡೆಯುವವನ ಜೊತೆಗೇ ಬಾಗಿಲು ಹಾಕಿಕೊಂಡು ಇರಬೇಕಾದ ಹೆಂಗಸು ಠಾಣೆಯವರೆಗೆ ಹೋಗುವುದಾದರೂ ಹೇಗೆ?

ಠಾಣೆಗೆ ಬಾರದ ಹಿಂಸೆ ಎಷ್ಟೆಂಬುದರ ಸುಳಿವು ಮನೆಮನೆ ಸಮೀಕ್ಷೆಗಳಲ್ಲಿ ಸಿಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದರು. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಅದರಲ್ಲೂ ಹೆಚ್ಚಿನವರು ಕೇಳಿದ್ದು ತವರಿನವರ ಬಳಿ, ಪೊಲೀಸರ ಬಳಿ ಅಲ್ಲ.

ಸಣ್ಣ ಸಂಗತಿಗಳಲ್ಲೂ ಇದೇ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಗದ್ದಲದಲ್ಲಿ ಜೇಬಿನಿಂದ ಮೊಬೈಲ್ ಹೋದರೆ ಎಷ್ಟೋ ಜನ ಹೊಸ ಸಿಮ್ ಪಡೆಯಲು ಬೇಕಾದ ಸ್ವೀಕೃತಿಗಾಗಿ ‘ಕಳೆದುಹೋಗಿದೆ’ ಎಂದು ಪೊಲೀಸರ ಇ-ಲಾಸ್ಟ್ ಎಂಬ ಆನ್‌ಲೈನ್ ಸೇವೆಯಲ್ಲಿ ನಮೂದಿಸಿ ಸುಮ್ಮನಾಗುತ್ತಾರೆ. ಕಳವಾದ ಫೋನು ಕಳವಿನ ಲೆಕ್ಕಕ್ಕೆ ಬರುವುದೇ ಇಲ್ಲ.

ತಲಪಾಡಿ ದಾಟಿದರೆ ಸಿಗುವ ಕೇರಳವನ್ನು ನೋಡಿ. ಲಕ್ಷ ಜನಕ್ಕೆ ಇಷ್ಟು ಎಂಬ ಒಟ್ಟು ಅಪರಾಧ ದರದಲ್ಲಿ ಅದು ಬಹಳ ವರ್ಷಗಳಿಂದ ದೇಶದ ಮೇಲಿನ ಸ್ಥಾನಗಳಲ್ಲಿದೆ. ಆದರೆ ಅಲ್ಲಿನ ಕೊಲೆಯ ದರ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ. ದೂರು ಕೊಡುವ ಜನ, ದಾಖಲಿಸುವ ಠಾಣೆ ಇರುವಲ್ಲಿ ಒಟ್ಟು ಸಂಖ್ಯೆ ಸಹಜವಾಗಿಯೇ ದೊಡ್ಡದು. ಕೊಲೆ ಮಾತ್ರ ಸುಲಭಕ್ಕೆ ಮುಚ್ಚಿಹೋಗುವಂಥದ್ದಲ್ಲ. ಹೆಣ ಇರುತ್ತದೆ, ಹುಡುಕಿಕೊಂಡು ಬರುವ ಬಂಧುಗಳಿರುತ್ತಾರೆ. ಎರಡು ರಾಜ್ಯಗಳನ್ನು ಹೋಲಿಸಲೇಬೇಕಾದರೆ ಒಟ್ಟು ಅಪರಾಧಕ್ಕಿಂತ ಕೊಲೆಯ ದರವನ್ನು ಹೋಲಿಸುವುದೇ ವಾಸಿ. 2023ರಲ್ಲಿ ದೇಶದಲ್ಲಿ 27,721 ಕೊಲೆ ಪ್ರಕರಣಗಳು ದಾಖಲಾಗಿವೆ, ಹಿಂದಿನ ವರ್ಷ 28,522 ಇದ್ದವು. ಒಟ್ಟು ಪ್ರಕರಣಗಳು ಮಾತ್ರ 58,24,946ರಿಂದ 62,41,569ಕ್ಕೆ ಏರಿವೆ.

ದರ ಮತ್ತು ಶೇಕಡಾವಾರು

ಅಪರಾಧ ದರ ಎಂದರೆ ಪ್ರತಿ ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂಬುದು. 2023ರಲ್ಲಿ ಅದು ದೇಶಕ್ಕೆ 448.3. ಮಹಿಳೆಯರ ಮೇಲಿನ ಅಪರಾಧಗಳ ದರಕ್ಕೆ ಮಹಿಳೆಯರ ಸಂಖ್ಯೆಯನ್ನಷ್ಟೇ ತೆಗೆದುಕೊಳ್ಳುತ್ತಾರೆ. 2011ರ ನಂತರ ಜನಗಣತಿ ನಡೆಯದೆ ಇದ್ದುದರಿಂದ ರಾಜ್ಯಗಳ ಜನಸಂಖ್ಯೆಗೆ ಆ ಗಣತಿಯ ಆಧಾರದ ಅಂದಾಜನ್ನೇ ಬಳಸುತ್ತ ಬಂದಿದ್ದಾರೆ.

ಚಿಕ್ಕ ಜಿಲ್ಲೆಗಳ ಶೇಕಡಾವಾರು ಏರಿಳಿತವನ್ನು ತುಸು ನಿಧಾನಿಸಿ ಓದಬೇಕು. 2011ರ ಗಣತಿಯಂತೆ ಉಡುಪಿಯ ಜನಸಂಖ್ಯೆ 11,77,361. ಇಂಥ ಜಿಲ್ಲೆಯಲ್ಲಿ ಒಂದು ವರ್ಷ ಕೊಲೆಯಾದವರು ನಾಲ್ವರು, ಮರುವರ್ಷ ಎಂಟು ಮಂದಿ ಎಂದು ಸುಮ್ಮನೆ ಊಹಿಸಿ. ಶೇ. 100 ಏರಿಕೆ ಎಂಬ ತಲೆಬರಹ ಸುಳ್ಳಲ್ಲ, ಆದರೆ ಒಂದೇ ಮನೆಯ ದುರಂತ ಆ ಏರಿಕೆಯನ್ನು ತಂದಿರಬಹುದು. ಐದಾರು ವರ್ಷಗಳ ಸಾಲನ್ನು ಒಟ್ಟಿಗೆ ನೋಡಿದರಷ್ಟೇ ದಿಕ್ಕು ತಿಳಿಯುತ್ತದೆ.

ಶಿಕ್ಷೆಯ ಪ್ರಮಾಣವೂ ಹೀಗೆಯೇ ತಪ್ಪರ್ಥಕ್ಕೆ ಒಳಗಾಗುವ ಸಂಖ್ಯೆ. ಆ ವರ್ಷ ದಾಖಲಾದ ಪ್ರಕರಣಗಳಲ್ಲಿ ಎಷ್ಟಕ್ಕೆ ಶಿಕ್ಷೆಯಾಯಿತು ಎಂದು ಅದು ಹೇಳುವುದಿಲ್ಲ. ಆ ವರ್ಷ ನ್ಯಾಯಾಲಯದಲ್ಲಿ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಎಷ್ಟು ಶಿಕ್ಷೆಯಲ್ಲಿ ಕೊನೆಗೊಂಡವು ಎಂಬುದು ಅದರ ಅರ್ಥ. ಬಾಕಿ ಉಳಿದ ಪ್ರಕರಣಗಳ ರಾಶಿ ಆ ಲೆಕ್ಕದ ಹೊರಗಿದೆ.

2024ನ್ನು ದಾಟುವಾಗ

ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು. ಅಂದಿನಿಂದ ಮುಂದಿನ ಕೃತ್ಯಗಳಿಗೆ ಹೊಸ ಕಲಂ, ಹಿಂದಿನ ಕೃತ್ಯಗಳಿಗೆ ದೂರು ಯಾವಾಗ ಬಂದರೂ ಹಳೆಯದು. ಕೊಲೆಯ 302 ಈಗ 103, ವಂಚನೆಯ 420 ಈಗ 318(4). ಕಲಂ ಸಂಖ್ಯೆ ಬದಲಾದರೆ ತಾಳೆ ಹಾಕಿಕೊಳ್ಳಬಹುದು. ಹೊಸ ಅಪರಾಧಗಳೇ ಸೃಷ್ಟಿಯಾದಲ್ಲಿ ತೊಡಕು. ಸರಗಳ್ಳತನಕ್ಕೆ ಮೊದಲು ತನ್ನದೇ ಕಲಂ ಇರಲಿಲ್ಲ, ಕೆಲವೆಡೆ ಅದು ಸುಲಿಗೆಯಾಗಿ, ಕೆಲವೆಡೆ ಕಳವಾಗಿ ದಾಖಲಾಗುತ್ತಿತ್ತು. ಈಗ ಕಲಂ 304 ಇದೆ. ಮುಂದಿನ ವರ್ಷಗಳ ಪಟ್ಟಿಯಲ್ಲಿ ಸುಲಿಗೆ ಇಳಿದಂತೆ ಕಂಡರೆ ಒಂದು ಪಾಲು ಪಕ್ಕದ ಸಾಲಿಗೆ ಸರಿದಿದೆಯೇ ಎಂದು ನೋಡಬೇಕು.

ನಿಮ್ಮ ದೂರು ಲೆಕ್ಕಕ್ಕೆ ಬಂತೇ ಎಂದು ತಿಳಿಯಲು

ದೂರು ಕೊಟ್ಟ ಮೇಲೆ ಕೈಗೆ ಸಿಕ್ಕಿದ್ದು ಎಫ್‌ಐಆರ್ ಪ್ರತಿಯೋ, ಹಿಂಬರಹವೋ ಎಂದು ನೋಡಿ. ಎಫ್‌ಐಆರ್ ಆಗಿದ್ದರೆ ಅದರಲ್ಲಿ ಅಪರಾಧ ಕ್ರಮಾಂಕ ಮತ್ತು ಕಲಂ ಇರುತ್ತವೆ. ಪ್ರತಿಯನ್ನು ಪಿರ್ಯಾದಿದಾರರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಹೇಳುತ್ತದೆ. ದೂರನ್ನು ಮಿಂಚಂಚೆ ಅಥವಾ ಪೋರ್ಟಲ್ ಮೂಲಕ ಕಳುಹಿಸಿದ್ದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ, ಹಾಗಾಗಿ ಅಂದೇ ಕ್ರಮಾಂಕ ಬೀಳದಿರಬಹುದು. ಠಾಣಾಧಿಕಾರಿ ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳುಹಿಸಬಹುದು, ಮಂಗಳೂರು ನಗರವಾದರೆ ಕಮಿಷನರ ಕಚೇರಿಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಠಾಣೆಯ ಹೆಸರು, ವರ್ಷ, ಕ್ರಮಾಂಕ ಕೊಟ್ಟು ಅಲ್ಲಿ ಹುಡುಕಬಹುದು.